ಮನೆಯ ವಿದ್ಯುತ್ತಿಗೊಬ್ಬ ವೈದ್ಯ

ಹಿಂದಿನ ಕಾಲದ ಗೃಹಸ್ಥನಿಗೆ ಕುಶಲಕರ್ಮಿಗಳನ್ನು ಹುಡುಕಿಕೊಂಡು ಹೋಗುವ ಕಷ್ಟವು ಹೆಚ್ಚಾಗಿ ಬರುತ್ತಿರಲಿಲ್ಲ. ನೇಗಿಲು ಮುರಿದರೆ ಬಡಗಿ, ಕುಡುಗೋಲು ಮೊಂಡಾದರೆ ಕಮ್ಮಾರ, ಗಡಿಗೆ ಒಡೆದರೆ ಕುಂಬಾರ. ಇವರೆಲ್ಲರೂ ಊರಿನ ಆಯಗಾರರು. ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಧಾನ್ಯವನ್ನು ಕೊಂಡೊಯ್ಯುವರು; ವರ್ಷವೆಲ್ಲ ಕರೆದಾಗ ಬಂದು ಕೆಲಸ ಮಾಡಿಕೊಡುವರು. ಆ ಏರ್ಪಾಟಿನಲ್ಲಿ ಜಾತಿಯ ಕಟ್ಟೂ ಅನ್ಯಾಯವೂ ಸಾಕಷ್ಟು ಇದ್ದುವೆಂಬುದನ್ನು ಮರೆಮಾಚತಕ್ಕದ್ದಲ್ಲ. ಆದರೂ ಅದರಲ್ಲಿ ಒಂದು ಗುಣವಿತ್ತು: ಕೆಲಸವನ್ನು ಕೆಡಿಸಿದವನು ಮರುದಿನವೂ ಅದೇ ಬೀದಿಯಲ್ಲಿ ಅದೇ ಮನೆಯವರ ಮುಖವನ್ನು ನೋಡಬೇಕಾಗಿತ್ತು. ಕೂಲಿಗಿಂತಲೂ ಹೆಚ್ಚಾಗಿ ಆ ದಾಕ್ಷಿಣ್ಯವೇ ಕೆಲಸವನ್ನು ಕಾಯುತ್ತಿತ್ತು.

ವಿದ್ಯುತ್ತು ನಮ್ಮ ನಾಡಿಗೆ ಬಂದುದು ಈ ಏರ್ಪಾಟಿನ ಹೊರಗಿನಿಂದ. 1902ನೆಯ ಇಸವಿಯಲ್ಲಿ ಶಿವನಸಮುದ್ರದ ಜಲಪಾತದಿಂದ ಹುಟ್ಟಿದ ಶಕ್ತಿಯು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದುವು. ಆಮೇಲೆ ಎಷ್ಟೋ ದಶಕಗಳು ಕಳೆದು ಹಳ್ಳಿಯ ಹಟ್ಟಿಗಳಿಗೂ ಅದು ತಲುಪಿತು. ಇಂದು ದೀಪ, ನೀರು, ಹಿಟ್ಟು, ಸ್ನಾನ, ಮಕ್ಕಳ ಓದು ಎಲ್ಲವೂ ಅದರ ಅಧೀನವಾಗಿರುವುವು. ಆದರೆ ಈ ಹೊಸ ಅತಿಥಿಗೆ ಒಬ್ಬ ಆಯಗಾರನನ್ನು ಯಾವ ಊರೂ ನೇಮಿಸಲಿಲ್ಲ. ಆದುದರಿಂದ ಮನೆಯವರು ತಾವೇ ಅವನನ್ನು ಹುಡುಕಿಕೊಳ್ಳಬೇಕಾಗಿದೆ.

ಹುಡುಕುವ ಕ್ರಮವಾದರೋ ವಿಚಿತ್ರವಾದುದು. ಹೆಣ್ಣು ಕೊಡುವಾಗ ಮೂರು ತಲೆಮಾರನ್ನು ವಿಚಾರಿಸುವವರು, ಮನೆಯ ತಂತಿಯನ್ನು ಒಪ್ಪಿಸುವಾಗ ಕಂಬಕ್ಕೆ ಅಂಟಿಸಿದ ಚೀಟಿಯ ಸಂಖ್ಯೆಗೆ ದೂರವಾಣಿ ಮಾಡುವರು. ಅದೂ ಯಾವಾಗ? ದೀಪ ಆರಿ, ಮಳೆ ಹೊಡೆಯುತ್ತಿದ್ದು, ಗೋಡೆಯ ಮೇಲಿನ ಪೆಟ್ಟಿಗೆಯಿಂದ ಸುಟ್ಟ ವಾಸನೆ ಬರುತ್ತಿರುವಾಗ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದೆಂಬ ಗಾದೆಯು ಇಲ್ಲಿ ಅಕ್ಷರಶಃ ನಿಜವಾಗುತ್ತದೆ. ಆತುರದಲ್ಲಿರುವವನು ಆರಿಸಲಾರನು, ಮೊದಲು ಬಂದವನಿಗೆ ಬಾಗಿಲು ತೆರೆಯುವನು.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಲೋಕದ ವೈದ್ಯರನ್ನು ಮೂರು ಬಗೆಯಾಗಿ ವಿಂಗಡಿಸಿದೆ. ಮೊದಲನೆಯವನು ಛದ್ಮಚರನು, ಔಷಧದ ಪಾತ್ರೆ, ಪುಸ್ತಕ, ವೇಷ ಇವುಗಳಿಂದಲೇ ವೈದ್ಯನೆನಿಸಿಕೊಳ್ಳುವವನು. ಎರಡನೆಯವನು ಸಿದ್ಧಸಾಧಿತನು, ಹೆಸರಾದವರ ಹೆಸರನ್ನು ಹೇಳಿಕೊಂಡು ಬಾಳುವವನು. ಮೂರನೆಯವನೇ ನಿಜವಾದ ವೈದ್ಯನು. ವಿದ್ಯುತ್ತಿನ ಕೆಲಸಗಾರರಲ್ಲಿಯೂ ಈ ಮೂವರನ್ನು ಕಾಣಬಹುದು. ಕಿವಿಯ ಮೇಲೊಂದು ಟೆಸ್ಟರು, ಹೆಗಲಿನಲ್ಲೊಂದು ಚೀಲ, ಇಷ್ಟರಿಂದಲೇ ಕೆಲಸಗಾರನಾದವನು ಮೊದಲನೆಯವನು. ದೊಡ್ಡ ಗುತ್ತಿಗೆದಾರರ ಕೈಕೆಳಗೆ ಇದ್ದೆನೆಂಬ ಒಂದೇ ಮಾತಿನ ಬಲದಿಂದ ಬರುವವನು ಎರಡನೆಯವನು. ಮೂರನೆಯವನನ್ನು ಗುರುತಿಸುವುದೇ ಗೃಹಸ್ಥನ ಜಾಣ್ಮೆ.

ಇದಕ್ಕೂ ಅದೇ ಗ್ರಂಥವು ನೆರವಾಗುತ್ತದೆ. ಒಳ್ಳೆಯ ವೈದ್ಯನಿಗೆ ನಾಲ್ಕು ಗುಣಗಳಿರಬೇಕೆಂದು ಅಲ್ಲಿ ಹೇಳಿದೆ: ಶಾಸ್ತ್ರಜ್ಞಾನ, ಅನೇಕ ಸಲ ಕೆಲಸವನ್ನು ಕಂಡು ಮಾಡಿದ ಅನುಭವ, ದಕ್ಷತೆ ಮತ್ತು ಶುಚಿತ್ವ. ಶಾಸ್ತ್ರಜ್ಞಾನಕ್ಕೆ ಇಂದು ಸಾಕ್ಷಿಪತ್ರವುಂಟು. ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಈ ವೃತ್ತಿಯನ್ನು ಎರಡು ವರ್ಷಗಳ ಕಾಲ ಕಲಿಸುವರು. ಕರ್ನಾಟಕದಲ್ಲಿ ಗುತ್ತಿಗೆದಾರರಿಗೂ ಮೇಲ್ವಿಚಾರಕರಿಗೂ ವೈರ್‌ಮನ್‌ಗಳಿಗೂ ಪರವಾನಗಿ ಕೊಡುವ ಸರಕಾರದ ವಿದ್ಯುತ್ ಪರಿವೀಕ್ಷಣಾಲಯವಿದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ಸುರಕ್ಷತಾ ನಿಯಮಗಳೂ ದೀಪ, ಫ್ಯಾನು, ಫ್ಯೂಸು ಮೊದಲಾದುವನ್ನು ಬದಲಾಯಿಸುವ ಸಣ್ಣ ಕೆಲಸವೊಂದನ್ನು ಬಿಟ್ಟು, ತಂತಿ ಎಳೆಯುವ ಕೆಲಸವನ್ನು ಪರವಾನಗಿಯುಳ್ಳವರಿಂದಲೇ ಮಾಡಿಸಬೇಕೆಂದು ವಿಧಿಸುತ್ತವೆ. ಪರವಾನಗಿಯನ್ನು ತೋರಿಸೆಂದು ಕೇಳುವುದರಲ್ಲಿ ಅವಮಾನವೇನೂ ಇಲ್ಲ. ಉಳ್ಳವನು ಸಂತೋಷದಿಂದ ತೋರಿಸುವನು, ಇಲ್ಲದವನು ಕೋಪಿಸಿಕೊಳ್ಳುವನು.

ಅನುಭವವನ್ನೂ ದಕ್ಷತೆಯನ್ನೂ ಪತ್ರದಲ್ಲಿ ಓದಲಾಗದು, ಕೆಲಸದಲ್ಲಿ ನೋಡಬೇಕು. ಬಲ್ಲವನು ಮನೆಯೊಳಗೆ ಬಂದ ಕೂಡಲೆ ತಂತಿಗೆ ಕೈ ಹಾಕುವುದಿಲ್ಲ. ಮೊದಲು ಪ್ರಶ್ನೆ ಕೇಳುವನು. ಅನಂತರ ಮುಖ್ಯ ಸ್ವಿಚ್ಚನ್ನು ಆರಿಸುವನು. ಆರಿಸಿದ ಮೇಲೂ ತಂತಿಯಲ್ಲಿ ಪ್ರವಾಹವಿಲ್ಲವೆಂಬುದನ್ನು ಪರೀಕ್ಷಿಸಿ ನೋಡುವನು. ಫ್ಯೂಸು ಹೋಯಿತೆಂದರೆ ಹೊಸ ತಂತಿ ಹಾಕುವುದಕ್ಕೆ ಮುಂಚೆ ಅದು ಏಕೆ ಹೋಯಿತೆಂದು ಯೋಚಿಸುವನು. ದಪ್ಪ ತಂತಿಯನ್ನು ಸುತ್ತಿ, ಇನ್ನು ಹೋಗುವುದಿಲ್ಲವೆಂದು ಹೇಳುವವನು ಜ್ವರವನ್ನು ಬಿಟ್ಟು ಜ್ವರಮಾಪಕವನ್ನು ಒಡೆದವನಂತೆ. ಫ್ಯೂಸು ಕರಗಬೇಕಾದಲ್ಲಿ ಕರಗದಿದ್ದರೆ ಗೋಡೆಯೊಳಗಿನ ತಂತಿಯು ಕಾಯುವುದು. ಪ್ರವಾಹವು ಎರಡರಷ್ಟಾದರೆ ಶಾಖವು ನಾಲ್ಕರಷ್ಟಾಗುವುದೆಂಬುದು ಭೌತಶಾಸ್ತ್ರದ ಸಾಮಾನ್ಯ ಪಾಠ. 2000 ವಾಟಿನ ನೀರು ಕಾಯಿಸುವ ಯಂತ್ರವು 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದನ್ನು 6 ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಅಡ್ಡದಾರಿಯಿಂದ ಸಿಕ್ಕಿಸಿಕೊಡುವವನು ಉಪಕಾರಿಯಲ್ಲ.

ಶುಚಿತ್ವವೆಂದರೆ ಹೊರಗಿನ ಶುಚಿಯೂ ಹೌದು, ಒಳಗಿನದೂ ಹೌದು. ಕೀಲುಗಳನ್ನು ಬಿಗಿಯಾಗಿ ಕೂಡಿಸಿ ಮುಚ್ಚುವುದು ಒಂದು ಶುಚಿ. ಕೆಡದ ವಸ್ತುವನ್ನು ಕೆಟ್ಟಿದೆಯೆಂದು ಹೇಳದಿರುವುದು ಇನ್ನೊಂದು. ಗೋಡೆಯೊಳಗೆ ಅಡಗುವ ಕೆಲಸವನ್ನು ಮಾಲಿಕನು ಎಂದಿಗೂ ನೋಡಲಾರನು. ಕಾಣದ ಕಡೆಯಲ್ಲಿಯೂ ಸರಿಯಾಗಿ ಮಾಡುವ ಬುದ್ಧಿಯನ್ನೇ ಹಿರಿಯರು ಧರ್ಮವೆಂದು ಕರೆದರು.

ಜಿಲ್ಲೆಯ ಊರೊಂದರಲ್ಲಿ ನಡೆದ ಸಂಗತಿಯನ್ನು ಇಲ್ಲಿ ಹೇಳಬಹುದು. ಹಳೆಯ ಹಂಚಿನ ಮನೆ. ಹಿತ್ತಿಲ ಕಡೆಯ ಪಡಸಾಲೆಯಲ್ಲಿ ದೋಸೆಯ ಹಿಟ್ಟು ರುಬ್ಬುವ ಯಂತ್ರ. ಅದನ್ನು ತೊಳೆಯುವಾಗ ಕೈ ಜುಮ್ಮೆನ್ನುತ್ತದೆಯೆಂದು ಮನೆಗೆಲಸದ ಹೆಂಗಸು ಅನೇಕ ತಿಂಗಳುಗಳಿಂದ ಹೇಳುತ್ತಿದ್ದಳು. ಮನೆಯವರು ಮುಟ್ಟಿ ನೋಡಿದರು; ಏನೂ ಆಗಲಿಲ್ಲ. ಅವಳಿಗೆ ವಾಯುವಿನ ದೋಷವೆಂದು ಯಜಮಾನಿಯು ತೀರ್ಮಾನಿಸಿದಳು. ಕರೆಸಿದ ಒಬ್ಬ ಕೆಲಸಗಾರನು ಪ್ಲಗ್ಗಿನ ಮೂರನೆಯ ಕಡ್ಡಿಯನ್ನು ಕಿತ್ತು, ಈಗ ಎಲ್ಲ ಸರಿಹೋಯಿತೆಂದು ಹೇಳಿ ಹಣ ಪಡೆದು ಹೋದನು. ಇನ್ನೊಬ್ಬನು ಕಾಲಡಿಗೆ ಮಣೆ ಹಾಕಿಕೊಳ್ಳಲು ಹೇಳಿದನು.

ಮೂರನೆಯವನಾಗಿ ಬಂದವನು ಪಕ್ಕದ ಬೀದಿಯ ಒಬ್ಬ ತರುಣ. ಅವನು ಯಜಮಾನರ ಮಾತನ್ನೆಲ್ಲ ಕೇಳಿದ ಮೇಲೆ, ‘ಜುಮ್ಮೆನ್ನುವುದು ಯಾರಿಗೆ?’ ಎಂದು ವಿಚಾರಿಸಿದನು. ಅದುವರೆಗೆ ಬಂದವರಾರೂ ಆ ಪ್ರಶ್ನೆಯನ್ನು ಕೇಳಿರಲಿಲ್ಲ. ಬಾಗಿಲ ಬಳಿ ನಿಂತಿದ್ದ ಹೆಂಗಸನ್ನು ಕರೆದು, ನಿಲ್ಲುವುದೆಲ್ಲಿ, ಮುಟ್ಟುವುದೆಲ್ಲಿ, ಆಗ ನೆಲ ಒದ್ದೆಯಾಗಿರುವುದೋ ಎಂದು ಕೇಳಿದನು. ಮನೆಯವರೆಲ್ಲರೂ ರಬ್ಬರಿನ ಚಪ್ಪಲಿ ಮೆಟ್ಟಿ ಯಂತ್ರವನ್ನು ಮುಟ್ಟುತ್ತಿದ್ದರು. ಅವಳೊಬ್ಬಳೇ ಬರಿಗಾಲಿನಲ್ಲಿ ನೀರಿನ ಮೇಲೆ ನಿಂತು ತೊಳೆಯುತ್ತಿದ್ದಳು. ಯಂತ್ರದೊಳಗಿನ ನಿರೋಧಕವು ತೇವದಿಂದ ಕೆಟ್ಟು ಪ್ರವಾಹವು ಲೋಹದ ಮೈಗೆ ಸೋರುತ್ತಿದ್ದಿತು. ಅದು ನೆಲವನ್ನು ಸೇರಲು ಅವಳ ಶರೀರವೊಂದೇ ದಾರಿಯಾಗಿತ್ತು. ಪ್ಲಗ್ಗಿನ ಮೂರನೆಯ ಕಡ್ಡಿಯು ಇದ್ದುದು ಆ ದಾರಿಯನ್ನು ತಂತಿಗೆ ಕೊಡುವುದಕ್ಕಾಗಿ. ಆ ಕಡ್ಡಿ ಹೋಗಿತ್ತು; ಅದು ಇದ್ದಿದ್ದರೂ ಪ್ರಯೋಜನವಿರಲಿಲ್ಲ. ಏಕೆಂದರೆ ಅಂಗಳಕ್ಕೆ ಕಲ್ಲು ಹಾಸಿದಾಗ ಭೂಸಂಪರ್ಕದ ತಂತಿಯನ್ನು ಯಾರೋ ಕಡಿದುಹಾಕಿದ್ದರು.

ತರುಣನು ಆ ತಂತಿಯನ್ನು ಗುಂಡಿಯಿಂದ ಮತ್ತೆ ಎಳೆದು ಕೂಡಿಸಿದನು. ಹೊಸ ಪ್ಲಗ್ಗು ಹಾಕಿದನು. 30 ಮಿಲಿಆಂಪಿಯರಿನ ಸೋರಿಕೆಗೆ ಕ್ಷಣಾರ್ಧದಲ್ಲಿ ಕಡಿದುಕೊಳ್ಳುವ ರಕ್ಷಕ ಸ್ವಿಚ್ಚೊಂದನ್ನು ಮುಖ್ಯ ಹಲಗೆಯಲ್ಲಿ ಇಟ್ಟನು. ಅನಂತರ ರುಬ್ಬುವ ಯಂತ್ರವನ್ನು ಚಾಲನೆಗೆ ಕೊಟ್ಟೊಡನೆಯೆ ಮನೆಯೆಲ್ಲ ಕತ್ತಲಾಯಿತು. ‘ಇದುವರೆಗೆ ತಿರುಗುತ್ತಿದ್ದುದೂ ನಿಂತುಹೋಯಿತಲ್ಲ!’ ಎಂದು ಯಜಮಾನರು ಸಿಡುಕಿದರು. ತರುಣನು ಶಾಂತನಾಗಿಯೆ, ‘ನಿಲ್ಲಬೇಕಾದುದರಿಂದ ನಿಂತಿತು, ಸ್ವಾಮಿ. ಇಷ್ಟು ದಿನ ಇದು ನಿಲ್ಲದೆ ಇದ್ದುದೇ ತಪ್ಪು. ಇಂದು ಜುಮ್ಮೆನ್ನುವುದು ನಾಳೆ ಹಿಡಿದರೆ ಬಿಡುವುದಿಲ್ಲ’ ಎಂದನು. ಯಂತ್ರವನ್ನು ಸರಿಪಡಿಸಿ ತರುವವರೆಗೆ ಎರಡು ದಿನ ಆ ಮನೆಯಲ್ಲಿ ದೋಸೆಯಿರಲಿಲ್ಲ. ಹೆಂಗಸು ಮಾತ್ರ ಏನನ್ನೂ ಹೇಳಲಿಲ್ಲ. ಯಂತ್ರ ಹಿಂದಿರುಗಿದ ದಿನ ಮೊದಲು ಒಂದು ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಿ, ಆಮೇಲೆ ಅಂಗೈಯನ್ನು ಇಟ್ಟಳು.

ಆಘಾತವು ಮನೆಯಲ್ಲಿ ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲವೆಂಬುದು ಇದರಿಂದ ತಿಳಿಯುವುದು. ನೀರಿನಲ್ಲಿ ನಿಲ್ಲುವವರು, ಬರಿಗಾಲಿನವರು, ಮಕ್ಕಳು, ಇವರೇ ಅದಕ್ಕೆ ಮೊದಲು ಸಿಕ್ಕುವವರು. ಇವರ ಮಾತನ್ನೇ ಮನೆಯು ಕಡೆಗೆ ಕೇಳುವುದು. ರೋಗಿಗೂ ನಾಲ್ಕು ಗುಣಗಳು ಬೇಕೆಂದು ಚರಕನು ಹೇಳಿರುವನು. ತನ್ನ ವ್ಯಥೆಯನ್ನು ಸರಿಯಾಗಿ ತಿಳಿಸಬಲ್ಲ ಶಕ್ತಿಯು ಅವುಗಳಲ್ಲೊಂದು. ಆದುದರಿಂದ ಕೆಲಸಗಾರನು ಬರುವುದಕ್ಕೆ ಮುಂಚೆ ಗೃಹಸ್ಥನು ಮನೆಯ ಎಲ್ಲರನ್ನೂ ವಿಚಾರಿಸಿ, ಯಾವ ದೀಪ ಮಿನುಗುತ್ತದೆ, ಯಾವ ಸ್ವಿಚ್ಚು ಬಿಸಿಯಾಗುತ್ತದೆ, ಯಾವ ಹೊತ್ತಿನಲ್ಲಿ ಎಂಬುದನ್ನು ಗುರುತು ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಆಪತ್ಕಾಲದ ಮಾತು. ದೀಪ ಆರಿದಾಗ ಮೊದಲು ನೆರೆಮನೆಯ ಕಡೆ ನೋಡಬೇಕು. ಬೀದಿಯೆಲ್ಲ ಕತ್ತಲಾಗಿದ್ದರೆ, ಇಲ್ಲವೆ ಕಂಬದಲ್ಲಿ ಕಿಡಿ ಹಾರುತ್ತಿದ್ದರೆ, ಅದು ವಿದ್ಯುತ್ ಸರಬರಾಜು ಕಂಪನಿಯ ಕೆಲಸ. ಅದಕ್ಕೆ 1912 ಎಂಬ ಸಹಾಯವಾಣಿಯಿದೆ. ತಮ್ಮ ಮನೆಯೊಂದೇ ಕತ್ತಲಾಗಿದ್ದು ಮೀಟರಿನ ಈಚೆಗೆ ದೋಷವಿದ್ದರೆ ಅದು ಗೃಹಸ್ಥನ ಹೊಣೆ. ಸುಟ್ಟ ವಾಸನೆ ಬಂದರೆ ಮುಖ್ಯ ಸ್ವಿಚ್ಚನ್ನು ಆರಿಸಬೇಕು. ವಿದ್ಯುತ್ತಿನ ಬೆಂಕಿಗೆ ನೀರನ್ನು ಎರಚಲೇಬಾರದು. ಮಳೆಯಲ್ಲಿ ಕಡಿದುಬಿದ್ದ ತಂತಿಯ ಹತ್ತಿರಕ್ಕೆ ಹೋಗಬಾರದು. ಯಾರನ್ನಾದರೂ ವಿದ್ಯುತ್ತು ಹಿಡಿದಿದ್ದರೆ, ಕರುಳು ಎಷ್ಟು ಕೂಗಿದರೂ, ಅವರನ್ನು ಮುಟ್ಟದೆ ಮೊದಲು ಪ್ರವಾಹವನ್ನು ನಿಲ್ಲಿಸಬೇಕು. ಮನೆಯೊಳಗೆ ಹಾಗೆ ನಿಲ್ಲಿಸಲು ಸಾಧ್ಯವಾಗದಿದ್ದರೆ ಒಣಗಿದ ಮರದ ಮೇಲೆ ನಿಂತು ಒಣಗಿದ ಕೋಲಿನಿಂದ ಬಿಡಿಸಬೇಕು. 108ಕ್ಕೆ ಕರೆ ಮಾಡಬೇಕು. ಉಳಿಸಲು ಹೋದ ತಾಯಿಯೂ ಮಗುವಿನೊಡನೆ ಹೋದ ವಾರ್ತೆಗಳು ನಮ್ಮ ಪತ್ರಿಕೆಗಳಲ್ಲಿ ಪ್ರತಿ ಮಳೆಗಾಲವೂ ಬರುತ್ತವೆ. ಪ್ರೀತಿಯೊಂದಿಗೆ ಈ ಅಲ್ಪ ತಿಳಿವಳಿಕೆಯೂ ಇದ್ದಿದ್ದರೆ ಅವುಗಳಲ್ಲಿ ಕೆಲವಾದರೂ ಬಾರದಿರುತ್ತಿದ್ದುವು.

ಇದರಿಂದ ಗೃಹಸ್ಥನು ಮಾಡತಕ್ಕದ್ದು ಸ್ಪಷ್ಟವು. ಕೆಲಸಗಾರನನ್ನು ಸುಭಿಕ್ಷಕಾಲದಲ್ಲಿಯೆ ಗೊತ್ತುಮಾಡಿಕೊಳ್ಳಬೇಕು. ಬೇಸಗೆಯ ಬಿಡುವಿನಲ್ಲಿ ಸಣ್ಣ ಕೆಲಸವೊಂದಕ್ಕೆ ಕರೆಸಿ, ಅವನು ಕೇಳುವ ಪ್ರಶ್ನೆಗಳನ್ನೂ ಅವನ ಕೈಯನ್ನೂ ನೋಡಬೇಕು. ನಡೆದು ಬರುವಷ್ಟು ಹತ್ತಿರದಲ್ಲಿರುವವನಾದರೆ ಲೇಸು. ನಡುರಾತ್ರಿಯಲ್ಲಿ ದೂರದ ಪ್ರವೀಣನಿಗಿಂತ ಹತ್ತಿರದ ಬಲ್ಲವನೇ ಬೇಕಾಗುವುದು. ಅವನ ಹೆಸರನ್ನೂ ಸಂಖ್ಯೆಯನ್ನೂ ಮೀಟರಿನ ಪೆಟ್ಟಿಗೆಯ ಬಾಗಿಲ ಒಳಗಡೆ ದೊಡ್ಡ ಅಕ್ಷರದಲ್ಲಿ ಬರೆದಿಡಬೇಕು. ಸಂಚಾರಿ ದೂರವಾಣಿಯಲ್ಲಿ ಮಗನೊಬ್ಬನೇ ಅದನ್ನು ಇಟ್ಟುಕೊಂಡು ಪರಸ್ಥಳದಲ್ಲಿದ್ದರೆ ಮನೆಯಲ್ಲಿರುವ ಮುದುಕರಿಗೆ ಅದರಿಂದೇನು ಫಲ?

ಕೂಲಿಯ ವಿಷಯದಲ್ಲಿಯೂ ಒಂದು ಮಾತುಂಟು. ವೈದ್ಯನು ಕೇಳಿದಷ್ಟನ್ನು ಮಾತಾಡದೆ ಕೊಡುವವರು, ಜೀವವನ್ನು ಒತ್ತೆಯಿಟ್ಟು ಕಂಬಿಯ ಕೆಲಸ ಮಾಡುವವನೊಡನೆ ಐವತ್ತು ರೂಪಾಯಿಗೆ ಚೌಕಾಸಿ ಮಾಡುವರು. ಚೌಕಾಸಿಯಲ್ಲಿ ಉಳಿದ ಹಣವು ಅಗ್ಗದ ತಂತಿಯಾಗಿ, ಸಡಿಲಾದ ಕೀಲಾಗಿ ಗೋಡೆಯೊಳಗೆ ಸೇರಿಕೊಳ್ಳುವುದೆಂಬುದನ್ನು ಅವರು ಯೋಚಿಸುವುದಿಲ್ಲ. ಸರಿಯಾದ ಕೂಲಿಯನ್ನು ಆಗಿಂದಾಗಲೇ ಕೊಟ್ಟು, ಮನೆಯವರು ಕುಡಿಯುವ ಲೋಟದಲ್ಲಿಯೇ ಕಾಫಿಯನ್ನು ಕೊಟ್ಟು ಕಳುಹಿಸಿದವನ ಮನೆಗೆ, ಮುಂದಿನ ಆಷಾಢದ ಮಳೆಯ ರಾತ್ರಿಯಲ್ಲಿ ಕರೆ ಹೋದೊಡನೆ, ಆ ಕೆಲಸಗಾರನು ಕೊಡೆ ಹಿಡಿದುಕೊಂಡು ಬಂದಾನು.