ಶಾಪವೋ ನೆಪವೋ

ಕಳೆದ ವರ್ಷ ಮಗಳ ಮನೆಯಲ್ಲಿ ನಾಲ್ಕಾರು ತಿಂಗಳು ಇದ್ದು ಬರುವ ಸಂದರ್ಭ ಒದಗಿ, ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದಲ್ಲಿ ಕಾಲ ಕಳೆದೆನು. ಹಗಲು ಹೊತ್ತು ಮನೆಯವರೆಲ್ಲ ಕೆಲಸಕ್ಕೆ ಹೋದ ಮೇಲೆ ನನಗೆ ಊರಿನ ಪುಸ್ತಕಭಂಡಾರವೇ ಗತಿಯಾಗಿತ್ತು. ಅಲ್ಲಿ ನಾನು ಓದಿದವುಗಳ ಪೈಕಿ, ಡೊಮಿನಿಕನ್ ಗಣರಾಜ್ಯದಿಂದ ವಲಸೆ ಬಂದ ಮನೆತನಗಳವರು ಇಂಗ್ಲಿಷಿನಲ್ಲಿ ಬರೆದ ಕಾದಂಬರಿಗಳು ನನ್ನ ಮನಸ್ಸನ್ನು ಬಹುವಾಗಿ ಹಿಡಿದುವು. ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಹುಡುಗರಿಗೆ ಶಬ್ದ ಧಾತು ಹೇಳಿಕೊಟ್ಟು ನಿವೃತ್ತನಾದ ಉಪಾಧ್ಯಾಯನಿಗೂ ಕೆರಿಬಿಯನ್ ಸಮುದ್ರದ ದ್ವೀಪವಾಸಿಗಳ ಕಥೆಗೂ ಎತ್ತಣ ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿರುವುದು ಒಂದು ಪ್ರಶ್ನೆಯ ಮೂಲಕ. ಅದಕ್ಕೆ ಮುಂದೆ ಬರುತ್ತೇನೆ.

ಮೊದಲು ದೇಶದ ಸಂಗತಿಯನ್ನು ಸಂಗ್ರಹವಾಗಿ ಹೇಳಬೇಕು. ಹಿಸ್ಪಾನಿಯೋಲ ದ್ವೀಪದ ಪೂರ್ವಭಾಗವೇ ಈ ದೇಶ; ಪಶ್ಚಿಮದಲ್ಲಿರುವುದು ಹೈಟಿ. 1930ರಿಂದ 1961ರವರೆಗೆ ರಫಾಯೆಲ್ ತ್ರುಹಿಯೊ ಎಂಬ ಸೇನಾನಿಯು ಇದನ್ನು ಸ್ವಂತ ಜಹಗೀರಿನಂತೆ ಆಳಿದನು. 1936ರಲ್ಲಿ ರಾಜಧಾನಿಗೆ ತನ್ನ ಹೆಸರನ್ನೇ ಇಡಿಸಿಕೊಂಡನು. 1937ರಲ್ಲಿ ಗಡಿಪ್ರಾಂತದ ಹೈಟಿ ಜನರನ್ನು ಸಾವಿರಗಟ್ಟಲೆ ಕೊಲ್ಲಿಸಿದನು. ಅವನ ಕಾಮಕ್ಕೂ ಮೇರೆಯಿರಲಿಲ್ಲ. ಮಗಳು ಚೆಲುವೆಯಾಗಿ ಬೆಳೆದಳೆಂದರೆ ದೊಡ್ಡ ಮನೆತನದವರು ಹಿಗ್ಗುವುದಕ್ಕೆ ಬದಲು ನಡುಗುವಂತಾಗಿತ್ತು. ಅವನನ್ನು ಎದುರಿಸಿದ ಮಿರಾಬಾಲ್ ಮನೆಯ ಮೂವರು ಅಕ್ಕತಂಗಿಯರು 1960ನೆಯ ನವೆಂಬರ್ 25ರಂದು, ಸೆರೆಯಲ್ಲಿದ್ದ ಗಂಡಂದಿರನ್ನು ನೋಡಿ ಹಿಂದಿರುಗುವ ದಾರಿಯಲ್ಲಿ ಕೊಲೆಯಾದರು. ಅಪಘಾತವೆಂದು ತೋರಿಸುವುದಕ್ಕಾಗಿ ಅವರ ಗಾಡಿಯನ್ನು ಕಣಿವೆಗೆ ಉರುಳಿಸಲಾಯಿತು. ವಿಶ್ವಸಂಸ್ಥೆಯು 1999ರಲ್ಲಿ ಸ್ತ್ರೀಯರ ಮೇಲಣ ಹಿಂಸೆಯ ನಿವಾರಣೆಗೆಂದು ಗೊತ್ತುಮಾಡಿದ ದಿನವು ಇದೇ. ಮರುವರ್ಷ ಮೇ ತಿಂಗಳಿನಲ್ಲಿ ತ್ರುಹಿಯೊ ಗುಂಡಿಗೆ ಬಲಿಯಾದನು. ಆಳುವವನು ಸತ್ತನು, ಸರಿ. ಅವನ ಆಳ್ವಿಕೆಯ ಪದ್ಧತಿಯೂ ಸತ್ತಿತೆ? ಅಥವಾ ವಲಸೆ ಹೊರಟವರ ಪೆಟ್ಟಿಗೆಗಳಲ್ಲಿ ಸೇರಿ ಅದೂ ಸಮುದ್ರವನ್ನು ದಾಟಿತೆ?

ಜೂಲಿಯಾ ಆಲ್ವರೆಸ್ ಎಂಬ ಲೇಖಿಕೆಯ ಕುಟುಂಬವು 1960ರಲ್ಲಿ ದೇಶ ಬಿಟ್ಟು ನ್ಯೂಯಾರ್ಕಿಗೆ ಬಂದಿತು. ಆಕೆಯ ತಂದೆ ತ್ರುಹಿಯೊವಿನ ವಿರುದ್ಧ ನಡೆದ ಒಳಸಂಚಿನಲ್ಲಿ ಸೇರಿದ್ದವರು. ಗಾರ್ಸಿಯ ಮನೆಯ ನಾಲ್ವರು ಹೆಣ್ಣುಮಕ್ಕಳನ್ನು ಕುರಿತ ಆಕೆಯ ಕಾದಂಬರಿ 1991ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಂದು ಪ್ರಸಂಗವನ್ನು ಉಪಾಧ್ಯಾಯನಾದವನು ಮರೆಯುವಂತಿಲ್ಲ. ಯೊಲಾಂಡ ಎಂಬ ಹುಡುಗಿಗೆ ಶಾಲೆಯಲ್ಲಿ ಗುರುಗಳ ದಿನದಂದು ಭಾಷಣ ಮಾಡುವ ಗೌರವ ದೊರೆಯುತ್ತದೆ. ಅಮೆರಿಕದ ಕವಿ ವಿಟ್ಮನನನ್ನು ಓದಿದ ಉತ್ಸಾಹದಲ್ಲಿ, ಶಿಷ್ಯನಾದವನು ಗುರುವನ್ನು ಮೀರಬೇಕೆಂಬ ಭಾವದ ಭಾಷಣವನ್ನು ಬರೆಯುತ್ತಾಳೆ. ತಾಯಿಗೆ ಸಂತೋಷ, ತಂದೆಗೆ ರೋಷ. ಹಿರಿಯರಿಗೆ ಅವಮರ್ಯಾದೆಯೆಂದು ಅವನು ಆ ಹಾಳೆಗಳನ್ನು ಚೂರುಚೂರಾಗಿ ಹರಿಯುತ್ತಾನೆ. ಆಗ ಹುಡುಗಿಯು ತಂದೆಯನ್ನು ಕರೆಯುವುದು ಯಾವ ಹೆಸರಿನಿಂದ? ‘ಚಾಪಿತ’ ಎಂದು, ಅದು ತ್ರುಹಿಯೊವಿಗೆ ಜನರಿಟ್ಟಿದ್ದ ನಿಂದಾನಾಮ. ಯಾವನಿಗೆ ಹೆದರಿ ದೇಶ ಬಿಟ್ಟು ಬಂದನೋ ಅವನ ಹೆಸರನ್ನು ಸ್ವಂತ ಮಗಳ ಬಾಯಿಂದ ಕೇಳಬೇಕಾಯಿತು! ಮರುದಿನ ತಂದೆಯು ಮಗಳಿಗೆ ಟೈಪ್‌ರೈಟರು ಒಂದನ್ನು ತಂದುಕೊಡುತ್ತಾನೆ. ಕ್ಷಮೆ ಕೇಳುವುದು ಗಂಡಸಿಗೆ ಕಷ್ಟ. ಯಂತ್ರ ಕೊಡುವುದು ಸುಲಭ. ಆದರೂ ಅವನು ಕೆಟ್ಟವನಲ್ಲ. ಸ್ವದೇಶದಲ್ಲಿ ದೊಡ್ಡ ಮನೆಯವನಾಗಿದ್ದವನಿಗೆ ಇಲ್ಲಿ ಬೀದಿಯಲ್ಲಿ ಮನ್ನಣೆಯಿಲ್ಲ, ಬಾಯಲ್ಲಿ ಭಾಷೆಯಿಲ್ಲ; ಮನೆತನವೆಂಬುದರಲ್ಲಿ ಉಳಿದಿರುವುದು ಹೆಣ್ಣುಮಕ್ಕಳ ನಡತೆಯೊಂದೇ. ಅದನ್ನೇ ಬಿಗಿಯಾಗಿ ಹಿಡಿಯುತ್ತಾನೆ.

ಜುನೊ ಡಿಯಾಸ್ ಎಂಬಾತನು ಬರೆದ ಆಸ್ಕರ್ ವಾವ್‌ನ ಕಥೆ 2007ರಲ್ಲಿ ಹೊರಬಂದು ಮರುವರ್ಷ ಪುಲಿಟ್ಜರ್ ಪಾರಿತೋಷಕವನ್ನು ಪಡೆಯಿತು. ಅದರ ಭಾಷೆ ಮನೆಯಲ್ಲಿ ಗಟ್ಟಿಯಾಗಿ ಓದತಕ್ಕದ್ದಲ್ಲ; ಬೈಗುಳ ಪುಟಕ್ಕೆ ಹತ್ತು. ಆದರೆ ಮೂಲದ ಕೆಳಗೆ ಸಣ್ಣ ಅಕ್ಷರದಲ್ಲಿ ಉದ್ದುದ್ದ ಟಿಪ್ಪಣಿಗಳಿವೆ. ವ್ಯಾಖ್ಯಾನಸಹಿತವಾಗಿ ಗ್ರಂಥ ಓದಿ ಅಭ್ಯಾಸವಾದ ನನಗೆ ಅದೊಂದು ಸೊಗಸಾಯಿತು. ಹೆಸರಿಗೆ ಆಸ್ಕರನ ಕಥೆಯಾದರೂ ನನ್ನ ಮಟ್ಟಿಗೆ ಅದು ಅವನ ತಾಯಿ ಬೆಲಿಯ ಕಥೆ. ಬೆಲಿಯ ತಂದೆ ಅಬೆಲಾರ್ಡ್ ವೈದ್ಯ, ವಿದ್ವಾಂಸ. ಹಿರಿಯ ಮಗಳನ್ನು ತ್ರುಹಿಯೊವಿನ ಕಣ್ಣಿಗೆ ಬೀಳದಂತೆ ಬಚ್ಚಿಟ್ಟನು, ಸೆರೆಗೆ ಹೋದನು, ಮನೆ ನಾಶವಾಯಿತು. ಆಮೇಲೆ ಹುಟ್ಟಿದ ಕರಿಯ ಬಣ್ಣದ ಈ ಕೂಸು ಬಂಧುಗಳಿಗೂ ಬೇಡವಾಗಿ ಪರರ ಮನೆಯ ಆಳಾಯಿತು. ಕೆಲಸ ಬಿಟ್ಟು ಪಾಠಶಾಲೆಗೆ ಹೋಗುತ್ತಾಳೆಂಬ ಕೋಪಕ್ಕೆ ಆ ಮನೆಯ ಯಜಮಾನನು ಅವಳ ಬೆನ್ನಿನ ಮೇಲೆ ಕಾದ ಎಣ್ಣೆಯನ್ನು ಸುರಿದನು. ಓದಬೇಕೆಂದು ಬಂದ ಮಗುವಿನ ಬೆನ್ನು! ಆ ಪುಟದಿಂದ ಮುಂದೆ ಹೋಗುವುದಕ್ಕೆ ನನಗೆ ಎರಡು ದಿನ ಹಿಡಿಯಿತು. ಬೆಳೆದ ಮೇಲೆ, ಪ್ರಣಯದ ಕಾರಣದಿಂದ ಅಧಿಕಾರಿಗಳ ಕೋಪಕ್ಕೆ ಗುರಿಯಾಗಿ, ಕಬ್ಬಿನ ಗದ್ದೆಯಲ್ಲಿ ಸಾಯುವಂತೆ ಪೆಟ್ಟು ತಿಂದು, ಗರ್ಭವನ್ನು ಕಳೆದುಕೊಂಡು, ಅಮೆರಿಕಕ್ಕೆ ಓಡಿಬರುತ್ತಾಳೆ.

ಇಷ್ಟು ನೊಂದವಳು ತನ್ನ ಮಗಳನ್ನು ಹೇಗೆ ಸಾಕಿದಳು? ಇಲ್ಲಿಯೇ ಗ್ರಂಥದ ಸತ್ಯವಿರುವುದು. ಬೈದು, ಹೊಡೆದು, ಮನೆಗೆಲಸಕ್ಕೆ ಹಚ್ಚಿ ಸಾಕಿದಳು. ಮಗಳು ಲೋಲ ಮನೆಬಿಟ್ಟು ಸಮುದ್ರತೀರದ ಊರಿಗೆ ಓಡಿಹೋಗುತ್ತಾಳೆ. ರೋಗದಿಂದ ಬಡಕಲಾದ ತಾಯಿ ಹುಡುಕಿಕೊಂಡು ಬರುತ್ತಾಳೆ. ಲೋಲ ಮತ್ತೆ ಓಡುವಾಗ ತಿರುಗಿ ನೋಡಿದರೆ ತಾಯಿ ನೆಲಕ್ಕೆ ಬಿದ್ದು ಅಳುತ್ತಿರುವಂತೆ ಕಾಣುತ್ತದೆ. ಕರುಳು ಕೇಳದೆ ಹಿಂದಿರುಗಿ ಕೈನೀಡುತ್ತಾಳೆ. ತಾಯಿ ಆ ಕೈಯನ್ನು ಥಟ್ಟನೆ ಹಿಡಿಯುತ್ತಾಳೆ. ಕಣ್ಣಿನಲ್ಲಿ ಒಂದು ಹನಿ ನೀರಿಲ್ಲ. ಬಲವಿಲ್ಲದವಳಿಗೆ ಕಪಟವೇ ಬಲವೆಂಬುದನ್ನು ಬೆಲಿ ದ್ವೀಪದಲ್ಲಿ ಕಲಿತಿದ್ದಳು. ಅದನ್ನೇ ಪ್ರೀತಿಗೂ ಬಳಸಿದಳು. ಹಿಂಸೆಯು ಗಂಡಸಿನ ಮುಷ್ಟಿಯಿಂದ ಮಾತ್ರ ಇಳಿದುಬರುವುದೆಂದು ತಿಳಿದವರು ಈ ಪ್ರಸಂಗವನ್ನು ಓದಬೇಕು.

ಈಗ ನನ್ನ ಪ್ರಶ್ನೆ. ಈ ದುಃಖಪರಂಪರೆಗೆಲ್ಲ ‘ಫುಕು’ ಎಂಬ ಶಾಪವೇ ಕಾರಣವೆಂದು ಕಥೆ ಹೇಳುವ ಯೂನಿಯರ್ ಮೊದಲಲ್ಲಿಯೇ ಸೂಚಿಸುತ್ತಾನೆ. ಐರೋಪ್ಯರು ದ್ವೀಪಕ್ಕೆ ಕಾಲಿಟ್ಟಂದಿನಿಂದ ಅದು ಬೆನ್ನುಹತ್ತಿದೆಯಂತೆ. ಇದನ್ನು ಓದಿದಾಗ ನನಗೆ ದೂರ್ವಾಸರ ನೆನಪಾಯಿತು. ಮಹಾಭಾರತದ ಶಕುಂತಲೋಪಾಖ್ಯಾನದಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ದುಷ್ಯಂತನಿಗೆ ಎಲ್ಲವೂ ನೆನಪಿದೆ. ನೆನಪಿದ್ದೇ, ತುಂಬಿದ ಸಭೆಯಲ್ಲಿ ಹೆಂಡತಿಯನ್ನೂ ಮಗನನ್ನೂ ಅರಿಯೆನೆಂದನು. ಕಾಳಿದಾಸನು ಶಾಪವೊಂದನ್ನು ನಡುವೆ ತಂದಿಟ್ಟು ರಾಜನ ಮಾನವನ್ನು ಉಳಿಸಿದನು. ಕಾವ್ಯಕ್ಕೆ ಅದರಿಂದ ಬಂದ ಸೌಂದರ್ಯ ಅಪಾರ. ಆದರೆ ಶಕುಂತಲೆಯ ನ್ಯಾಯಕ್ಕೆ ಏನಾಯಿತು? ಯೂನಿಯರನ ಶಾಪವೂ ಇಂಥದೇ ಅಲ್ಲವೆ? ಅವನು ಲೋಲಳನ್ನು ಪ್ರೀತಿಸಿದವನು, ಪ್ರೀತಿಸುತ್ತಲೇ ಮತ್ತೆ ಮತ್ತೆ ವಂಚಿಸಿದವನು. ಮೂರು ತಲೆಮಾರಿನ ಹೆಂಗಸರ ನೋವನ್ನು ಲೋಕಕ್ಕೆ ತಿಳಿಸುವ ಬಾಯಿ ಅವನದು. ಎಲ್ಲವನ್ನೂ ಶಾಪದ ಮೇಲೆ, ತ್ರುಹಿಯೊವಿನ ಮೇಲೆ ಹೊರಿಸಿದರೆ ತನ್ನ ಪಾಲು ಹಗುರವಾಗುವುದು. ಗ್ರಂಥಕರ್ತನಿಗೆ ಇದು ತಿಳಿಯದೆ ಇಲ್ಲ. ಅಬೆಲಾರ್ಡನು ಸೆರೆಗೆ ಹೋದದ್ದು ಮಗಳಿಗಾಗಿಯೋ, ಬಾಯ್ತಪ್ಪಿ ಆಡಿದ ಒಂದು ಮಾತಿಗಾಗಿಯೋ ಎಂಬುದನ್ನೂ ಅವನು ತೀರ್ಮಾನಿಸದೆ ಬಿಟ್ಟಿದ್ದಾನೆ; ಲೋಲಳನ್ನು ಬೇರೊಬ್ಬನಿಗೆ ಮದುವೆ ಮಾಡಿ ಯೂನಿಯರನನ್ನು ಹೊರಗೆ ನಿಲ್ಲಿಸಿದ್ದಾನೆ. ಆದರೂ ಶಾಪದ ಮಾತು ಓದುಗರನ್ನು ಮರುಳುಮಾಡುವಷ್ಟು ಸೊಗಸಾಗಿದೆ. ನನಗೆ ಅದರ ಮೇಲೆ ಅನುಮಾನ.

ಆಂಜಿ ಕ್ರೂಸ್ ಎಂಬಾಕೆ 2019ರಲ್ಲಿ ಪ್ರಕಟಿಸಿದ ‘ಡೊಮಿನಿಕಾನ’ ಎಂಬ ಕಾದಂಬರಿಯಲ್ಲಿ ಶಾಪವೇ ಇಲ್ಲ. ಅದು ವ್ಯಾಸರ ಪಕ್ಷದ ಪುಸ್ತಕ. ಆಕೆ ತನ್ನ ತಾಯಿಯ ಬಾಳನ್ನು ಆಧಾರವಾಗಿಟ್ಟುಕೊಂಡು ಬರೆದದ್ದು. ಹದಿನೈದು ವರ್ಷದ ಆನಳನ್ನು ಅವಳ ತಾಯಿಯು ಎರಡರಷ್ಟು ವಯಸ್ಸಿನ ಹುವಾನ್ ಎಂಬುವನಿಗೆ ಕೊಡುತ್ತಾಳೆ. ಮಗಳು ಅಮೆರಿಕ ಸೇರಿದರೆ ಹಿಂದೆಯೇ ಮನೆಯವರೆಲ್ಲ ಹೋಗಬಹುದೆಂಬ ಲೆಕ್ಕ. ಪತ್ರಗಳಲ್ಲಿ ವಯಸ್ಸನ್ನು ಹೆಚ್ಚಿಸಿ ಬರೆಸುತ್ತಾರೆ. 1965ರಲ್ಲಿ ನ್ಯೂಯಾರ್ಕಿಗೆ ಬಂದ ಹುಡುಗಿಗೆ ಭಾಷೆ ತಿಳಿಯದು, ನೆರೆಹೊರೆ ತಿಳಿಯದು, ಗಂಡ ಹೊಡೆಯುತ್ತಾನೆ. ಹೊಡೆಯುವವನು ಸರ್ವಾಧಿಕಾರಿಯಲ್ಲ, ಹಗಲಿರುಳು ದುಡಿದು ದಣಿಯುವ ಸಾಮಾನ್ಯ ಮನುಷ್ಯ. ಅವನ ದಣಿವನ್ನು ಲೇಖಿಕೆ ಮರೆಮಾಚುವುದಿಲ್ಲ, ಅದನ್ನು ಕಾರಣವೆಂದು ಮುಂದಿಟ್ಟು ಅವನನ್ನು ಬಿಡಿಸುವುದೂ ಇಲ್ಲ. ಆ ವರ್ಷ ಸ್ವದೇಶದಲ್ಲಿ ಅಂತಃಕಲಹವೆದ್ದು ಹುವಾನನು ಆಸ್ತಿಯ ರಕ್ಷಣೆಗೆಂದು ಹಿಂದಿರುಗಿದಾಗ ಆನಳಿಗೆ ಕೆಲವು ತಿಂಗಳ ಬಿಡುವು ಸಿಗುತ್ತದೆ. ಇಂಗ್ಲಿಷ್ ಪಾಠಕ್ಕೆ ಹೋಗುತ್ತಾಳೆ. ಕರಿದ ತಿಂಡಿ ಮಾಡಿ ಮಾರುತ್ತಾಳೆ. ಅವಳ ಬಳಿ ಮುಖವಿಲ್ಲದ ಪಿಂಗಾಣಿಯ ಬೊಂಬೆಯೊಂದಿದೆ, ಒಳಗೆ ಟೊಳ್ಳು. ಅದರ ಹೆಸರೇ ಡೊಮಿನಿಕಾನ. ಗಳಿಸಿದ ಹಣವನ್ನು ಅವಳು ಅದರ ಹೊಟ್ಟೆಯೊಳಗೆ ಅಡಗಿಸಿಡುತ್ತಾಳೆ, ಗಂಡನಿಗೂ ಹೇಳದೆ, ಹೆತ್ತ ತಾಯಿಗೂ ಹೇಳದೆ.