ಶಿವರಾತ್ರಿಯೊಳಗೆ ಮುಗಿಸಬೇಕಾದ ಕೆಲಸಗಳು

ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗ್ತದೆ ಅನ್ನೋ ಮಾತು ಎಲ್ಲರಿಗೂ ಗೊತ್ತು. ನಮ್ಮ ಗದಗ ಜಿಲ್ಲೆಯಲ್ಲಿ ಅದು ಒಂದು ಡೆಡ್‌ಲೈನ್ ಕೂಡ ಹೌದು. ಫೆಬ್ರುವರಿಯ ಆ ಎರಡು-ಮೂರು ವಾರ ಬೆಳಿಗ್ಗೆ ಎಂಟರವರೆಗೆ ಸ್ವೆಟರ್ ಬೇಕು, ಹನ್ನೆರಡಕ್ಕೆ ತಲೆಗೆ ಟವೆಲ್ ಬೇಕು. ಆಳುಗಳು ಸಿಗುತ್ತಾರೆ, ಮಣ್ಣು ಒಣಗಿರುತ್ತದೆ, ಆಕಾಶದಲ್ಲಿ ಒಂದು ಮೋಡ ಇರೋದಿಲ್ಲ. ಬೇಸಿಗೆಗೂ ಅದರ ಹಿಂದೆ ಬರುವ ಮಳೆಗೂ ಒಟ್ಟಿಗೇ ತಯಾರಾಗಬೇಕಾದ ಕಾಲ ಇದೇ.

ಈ ಸೀಮೆಯ ಬದುಕು ಮೊದಲಿನಿಂದಲೂ ಕೂಡಿಟ್ಟಿದ್ದರ ಮೇಲೆ ನಡೆಯುವಂಥದ್ದು. ಎರಿ ಹೊಲವನ್ನೇ ನೋಡಿ. ಹಿಂಗಾರಿನಲ್ಲಿ ಬಿದ್ದ ಮಳೆಯನ್ನು ಆ ಕಪ್ಪು ಮಣ್ಣು ಹೊಟ್ಟೆಯಲ್ಲಿಟ್ಟುಕೊಂಡು, ಆಮೇಲೆ ಒಂದು ಹನಿ ಬೀಳದಿದ್ದರೂ ಬಿಳಿ ಜೋಳ, ಕಡಲೆ, ಕುಸುಬಿಯನ್ನು ಫೆಬ್ರುವರಿವರೆಗೆ ದಾಟಿಸುತ್ತದೆ. ಆ ಹಸಿ ಮುಗಿಯುವ ಹೊತ್ತಿಗೆ ಹೊಲ ಬಿರುಕು ಬಿಡುತ್ತದೆ, ಸುಗ್ಗಿ ಮುಗಿಯುತ್ತದೆ. ಅಲ್ಲಿಂದ ಮುಂದೆ ಕೂಡಿಡುವ ಪಾಳಿ ಮನುಷ್ಯರದ್ದು.

ಈ ಸಲ ಅವ್ವ ವಾಟ್ಸ್ಆ್ಯಪ್‌ನಲ್ಲಿ ನಾಲ್ಕು ಕೆಲಸ ಕಳಿಸಿದ್ದಳು. ಖಾರ ಕುಟ್ಟಿಸೋದು, ನೀರಿನ ಟಾಕಿ ತೊಳೆಯೋದು, ಲಕ್ಷ್ಮೇಶ್ವರದಾಗ ಅಜ್ಜಿ ಮನಿ ಮಾಳಿಗಿ ನೋಡೋದು, ಮುಂಡರಗಿಯಿಂದ ಜ್ವಾಳ ತರೋದು. ನಾನು ಹತ್ತು ದಿನ ರಜೆ ಹಾಕಿದೆ. ಪ್ರವಾಸಿ ತಾಣಗಳ ಪಟ್ಟಿ ಹಿಡಿದು ಬಂದಿದ್ದರೆ ಈ ನಾಲ್ಕು ಊರುಗಳನ್ನು ಇಷ್ಟು ಚೆನ್ನಾಗಿ ನೋಡುತ್ತಿರಲಿಲ್ಲ.

ಬೆಟಗೇರಿ: ಖಾರ, ಟಾಕಿ, ಮಿರ್ಚಿ

ಗದಗ-ಬೆಟಗೇರಿ ಹೆಸರಿಗೆ ಅವಳಿ ನಗರ, ಸ್ವಭಾವದಲ್ಲಿ ಎರಡು ಊರು. ಗದಗಿನ ಕಡೆ ವೀರನಾರಾಯಣ ಗುಡಿ, ತ್ರಿಕೂಟೇಶ್ವರ, ರೈಲ್ವೆ ಜಂಕ್ಷನ್, ಎಪಿಎಂಸಿ, ಪ್ರಿಂಟಿಂಗ್ ಪ್ರೆಸ್ಸುಗಳು. ಬೆಟಗೇರಿ ಕಡೆ ನೇಕಾರರ ಓಣಿಗಳು. ಮಗ್ಗಗಳು ಮೊದಲಿನಷ್ಟು ಉಳಿದಿಲ್ಲ. ಆದರೂ ಬೆಳಿಗ್ಗೆ ಆ ಓಣಿಗಳಲ್ಲಿ ನಡೆದರೆ ಒಂದೆರಡು ಬಾಗಿಲ ಹಿಂದಿನಿಂದ ಲಟಕ್ ಲಟಕ್ ಸದ್ದು ಇನ್ನೂ ಕೇಳುತ್ತದೆ.

ಖಾರದ ಕೆಲಸ ಕೇಳಿದಷ್ಟು ಸಣ್ಣದಲ್ಲ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಯಾವುದು ಎಷ್ಟು ಅನ್ನೋದು ಪ್ರತಿ ಮನೆಯ ಗುಟ್ಟು. ಎರಡು ದಿನ ಮಾಳಿಗೆಯ ಮೇಲೆ ಒಣಹಾಕಬೇಕು, ಓಣಿಯ ಹೆಣ್ಣುಮಕ್ಕಳು ಸೇರಿ ತೊಟ್ಟು ಬಿಡಿಸಬೇಕು, ಆಮೇಲೆ ಗಿರಣಿಗೆ ಒಯ್ದು ಕಣ್ಣೆದುರೇ ಕುಟ್ಟಿಸಬೇಕು. ಗಿರಣಿಯ ಮುಂದೆ ಪಾಳಿ ಹಚ್ಚಿದವರೆಲ್ಲ ಮೂಗಿಗೆ ಬಟ್ಟೆ ಕಟ್ಟಿಕೊಂಡು ಸೀನುತ್ತಲೇ ಮದುವೆ ಮಾತುಕತೆ ಮುಗಿಸುತ್ತಾರೆ. ವರ್ಷದ ಖಾರ ಡಬ್ಬಿ ಸೇರಿದರೆ ಅವ್ವನ ಮುಖದಲ್ಲಿ ಒಂದು ನಿರಾಳ.

ಟಾಕಿ ತೊಳೆಯೋದಕ್ಕೆ ಇಬ್ಬರು ಹಳೇ ದೋಸ್ತರನ್ನು ಕರೆದೆ. ಇಲ್ಲಿ ನಲ್ಲಿ ನೀರು ದಿನಾ ಬರೋದಿಲ್ಲ. ಹಾಗಾಗಿ ಪ್ರತಿ ಮನೆಯ ಅಂಗಳದ ಕೆಳಗೆ ಒಂದು ಟಾಕಿ, ಮೇಲೆ ಒಂದು ಸಿಂಟೆಕ್ಸ್. ಒಂದು ರಾತ್ರಿ ಮುಚ್ಚಳ ತೆಗೆದಿಟ್ಟು ಗಾಳಿ ಆಡಿಸಿ, ಮರುದಿನ ಒಬ್ಬ ಕೆಳಗೆ, ಇಬ್ಬರು ಮೇಲೆ. ತಳದಲ್ಲಿ ನಾಲ್ಕು ಬೆರಳಿನಷ್ಟು ನುಣ್ಣನೆಯ ಕೆಸರು ಕೂತಿತ್ತು. ದೋಸ್ತರಲ್ಲಿ ಒಬ್ಬನದು ಪ್ರೆಸ್. ಮದುವೆ ಕಾರ್ಡಿನ ಸೀಸನ್, ಪುರುಸೊತ್ತಿಲ್ಲ. ಆದರೂ ಬಂದ. "ನೀರ ಬಂದ ದಿನಾ ನಮ್ಮವ್ವ ಮಷಿನ್ ಬಂದ್ ಮಾಡಿ ಬಾ ಅಂತಾಳ. ಗಿರಾಕಿಗೂ ಗೊತ್ತೈತಿ, ಏನೂ ಅನ್ನಂಗಿಲ್ಲ" ಅಂದ. ಕೆಲಸ ಮುಗಿದ ಮೇಲೆ ಕೂಲಿ ಏನು ಅಂತ ಕೇಳಬೇಕಿಲ್ಲ. ಮಿರ್ಚಿ, ಗಿರ್ಮಿಟ್, ಚಹಾ.

ಮಾಗಡಿ: ಹೊರಡುವ ಮುಂಚಿನ ಹಕ್ಕಿಗಳು

ಗದಗದಿಂದ 26 ಕಿ.ಮೀ. ದೂರದಲ್ಲಿ, ಶಿರಹಟ್ಟಿ ತಾಲ್ಲೂಕಿನಲ್ಲಿ ಮಾಗಡಿ ಕೆರೆ ಇದೆ. ಮ್ಯಾಪ್ ಹಾಕುವಾಗ ಎಚ್ಚರ, ಬೆಂಗಳೂರಿನ ಪಕ್ಕದ ಮಾಗಡಿಗೆ ಕರೆದೊಯ್ದೀತು. ಸುಮಾರು 134 ಎಕರೆಯ ಈ ಕೆರೆಗೆ ನವೆಂಬರ್ ಹೊತ್ತಿಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ಮಾರ್ಚ್‌ನೊಳಗೆ ವಾಪಸ್ ಹೊರಡುತ್ತವೆ. 2024ರ ಜನವರಿಯಲ್ಲಿ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆ ಮಾಗಡಿ ಕೆರೆಯೂ ರಾಮ್ಸಾರ್ ಪಟ್ಟಿ ಸೇರಿತು. ಅದಕ್ಕೂ ಮುಂಚೆ ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದದ್ದು ರಂಗನತಿಟ್ಟು ಒಂದೇ.

ಬೆಳಿಗ್ಗೆ ಬೇಗ ಹೋಗಿ. ಈ ಬಾತುಗಳು ಮೀನಿಗಾಗಿ ಕೆರೆಗೆ ಬಂದವಲ್ಲ. ಅವು ಮೇಯುವುದು ಸುತ್ತಲಿನ ಹೊಲಗಳಲ್ಲಿ, ಹೆಚ್ಚಾಗಿ ಕತ್ತಲಾದ ಮೇಲೆ. ಹಗಲಿಗೆ ನೀರಿನ ಮೇಲೆ ವಿಶ್ರಾಂತಿ. ಸೂರ್ಯ ಏರುವ ಹೊತ್ತಿಗೆ ಹೊಲದ ಕಡೆಯಿಂದ ಸಾಲು ಸಾಲಾಗಿ ಮರಳುತ್ತವೆ. ಮೊದಲು ಸದ್ದು ಕೇಳುತ್ತದೆ, ಆಮೇಲೆ ಹಕ್ಕಿ ಕಾಣುತ್ತದೆ.

ಕೆರೆ ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಹೊರಟಿದ್ದ ಒಬ್ಬ ರೈತರನ್ನು ಮಾತಾಡಿಸಿದೆ. ಹೊಲದಾಗ ಶೇಂಗಾ ತಿಂದು ಹೋಗ್ತಾವಲ್ರೀ, ಸಿಟ್ಟು ಬರಂಗಿಲ್ಲೇನು ಅಂತ ಕೇಳಿದರೆ, "ಅಷ್ಟ ದೂರದಿಂದ ಬಂದಾವ. ನಾಕ ಕಾಳ ತಿಂತಾವ, ತಿನ್ಲಿ ಬಿಡ್ರಿ. ಅವು ಬಂದ ವರ್ಷ ಕೆರಿಯಾಗ ನೀರ ಐತಿ ಅಂತ ಅರ್ಥ" ಅಂದರು. ಹಕ್ಕಿಗಳು ಹೊರಡುವ ಮುಂಚೆ ದೂರದ ದಾರಿಗೆ ಬೇಕಾದ ಕೊಬ್ಬನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತವೆ. ಶಿವರಾತ್ರಿಯ ಡೆಡ್‌ಲೈನ್ ಅವಕ್ಕೂ ಇದ್ದಂತಿದೆ.

ಲಕ್ಷ್ಮೇಶ್ವರ: ಮಾಳಿಗೆಯ ಲೆಕ್ಕ

ಮಾಗಡಿಯಿಂದ ಶಿರಹಟ್ಟಿಗೆ ಹೋಗಿದ್ದು ಒಬ್ಬ ಅಜ್ಜನನ್ನು ಹುಡುಕಿಕೊಂಡು. ಮಣ್ಣಿನ ಮಾಳಿಗೆಗೆ ಮೇಲ್ಮುದ್ದಿ ಹಾಕುವವರು ಈಗ ಕೈಬೆರಳ ಲೆಕ್ಕಕ್ಕೆ ಸಿಗುತ್ತಾರೆ. ಅವರು ಸಿಕ್ಕಿದ್ದು ಫಕೀರೇಶ್ವರ ಮಠದ ಹತ್ತಿರ, ಚಹಾದಂಗಡಿಯಲ್ಲಿ. ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುವ ಮಠ ಅದು. ಅಜ್ಜ ಮೊದಲು ನನ್ನ ಕರೆದುಕೊಂಡು ಹೋಗಿ ಕೈಮುಗಿಸಿ, ಆಮೇಲೆ ರೇಟಿನ ಮಾತಿಗೆ ಬಂದರು.

ಲಕ್ಷ್ಮೇಶ್ವರ ಈಗ ತಾನೇ ಒಂದು ತಾಲ್ಲೂಕು. ಮೊದಲು ಶಿರಹಟ್ಟಿ ತಾಲ್ಲೂಕಿನಲ್ಲಿತ್ತು. ಇತಿಹಾಸದಲ್ಲಿ ಇದು ಪುಲಿಗೆರೆ. 9ನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಲ್ಲಿದೆ ಅಂತ ಹೇಳುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಇದೂ ಒಂದು. ಪಂಪ ತನ್ನ ಕಾವ್ಯದ ಭಾಷೆಯನ್ನು ಹೇಳಿಕೊಂಡದ್ದೂ ಇದೇ ಪುಲಿಗೆರೆಯ ಹೆಸರಿನಲ್ಲಿ. ಸೋಮೇಶ್ವರ ದೇವಸ್ಥಾನ, ಶಂಖ ಬಸದಿ, ದೂದಪೀರಾಂ ದರ್ಗಾ ಮೂರನ್ನೂ ಒಂದೇ ಬೆಳಗಿನಲ್ಲಿ ನೋಡಬಹುದು. ಸೋಮೇಶ್ವರನ ಗುಡಿಯಲ್ಲಿ ಶಿವ-ಪಾರ್ವತಿಯರು ನಂದಿಯ ಮೇಲೆ ಕೂತಿದ್ದಾರೆ. ಶರಣ ಆದಯ್ಯ ಆ ದೇವರನ್ನು ಸೌರಾಷ್ಟ್ರದಿಂದ ತಂದನೆಂಬ ಕಥೆಯನ್ನು ರಾಘವಾಂಕ ಕಾವ್ಯ ಮಾಡಿದ್ದಾನೆ.

ಅಜ್ಜಿಯ ಮನೆ ಅಲ್ಲಿಂದ ನಡೆದು ಹೋಗುವಷ್ಟು ದೂರ. ಏಳು ಅಂಕಣದ ಮನೆ, ಮೇಲೆ ಮಣ್ಣಿನ ಮಾಳಿಗೆ. ಹೋದ ಮಳೆಗಾಲದಲ್ಲಿ ಎರಡು ಅಂಕಣ ಸೋರಿದ್ದವು. ಜೋರು ಮಳೆಯಾದ ವರ್ಷ ಈ ಭಾಗದಲ್ಲಿ ಹಳೇ ಮಣ್ಣಿನ ಮನೆ ಕುಸಿದ ಸುದ್ದಿ ಪೇಪರಿನಲ್ಲಿ ಬರುವುದು ಮಾಮೂಲು. ಅಜ್ಜಿ ಮಲಗುವುದು ಆ ಸೋರುವ ಅಂಕಣದ ಪಕ್ಕದಲ್ಲೇ. ಹಾಗಾಗಿ ಮನೆಯಲ್ಲಿ ಎರಡು ಪಕ್ಷ. ಮಾವ ಹೇಳುವುದು, ಕೆಡವಿ ಸ್ಲ್ಯಾಬ್ ಹಾಕಿಸೋಣ. ಅಜ್ಜಿ ಹೇಳುವುದು, "ಸ್ಲ್ಯಾಬಿನ ಮನ್ಯಾಗ ಬ್ಯಾಸಗಿ ಮಧ್ಯಾಹ್ನ ಮಲಗಿ ನೋಡೀರೇನು? ನಾ ಸತ್ತ ಮ್ಯಾಲೆ ಏನರ ಮಾಡ್ಕೊಳ್ರಿ."

ಶಿರಹಟ್ಟಿಯ ಅಜ್ಜ ಯಾರ ಪರವೂ ಮಾತಾಡಲಿಲ್ಲ. ಏಣಿ ಹತ್ತಿ, ಮಾಳಿಗೆಯ ಮೂಲೆಯಲ್ಲಿ ಸಲಾಕಿ ಚುಚ್ಚಿ, ಮಣ್ಣು ಎಷ್ಟು ದಪ್ಪ ಇದೆ ಅಂತ ಅಳೆದರು. ಮೊಣಕೈವರೆಗೆ ಬಂತು. "ಇದ ನೋಡ ತಮ್ಮಾ ರೋಗ. ಸೋರಿದಾಗೊಮ್ಮೆ ಹಳೇದ ತಗೀಲಾರದ ಮ್ಯಾಲೆ ಮ್ಯಾಲೆ ಹಾಕ್ಕೋತ ಬಂದಾರ. ಮನಿ ಮಳಿಗೆ ಬೀಳಂಗಿಲ್ಲ, ವಜ್ಜಿಗೆ ಬೀಳ್ತದ."

ಕೆಳಗೆ ಬಂದು ಫೋನಿನಲ್ಲಿ ಲೆಕ್ಕ ಹಾಕಿದೆ. ಹತ್ತು ಅಡಿಗೆ ಹನ್ನೆರಡು ಅಡಿಯ ಒಂದು ಕೋಣೆ ಅಂದರೆ ಸುಮಾರು 11 ಚದರ ಮೀಟರ್. ಅದರ ಮೇಲೆ ಆರು ಇಂಚು ಮಣ್ಣು ಹಾಕಿದರೆ, ಒಂದು ಘನ ಮೀಟರಿಗೆ 1.6 ಟನ್ ಅಂತ ಹಿಡಿದರೂ, ಎರಡೂವರೆ ಟನ್ ದಾಟುತ್ತದೆ. ಒಂದೂವರೆ ಅಡಿ ಆದರೆ ಎಂಟು ಟನ್. ಮಳೆ ನೀರು ಕುಡಿದರೆ ಇನ್ನೂ ಹೆಚ್ಚು. ಆ ಎಂಟು ಟನ್ನನ್ನು ಹೊತ್ತಿದ್ದು ಗೆದ್ದಲು ಹಿಡಿದ ಜಂತಿಗಳು. ಫೋನ್ ತೋರಿಸಿದೆ. ಮಾವ ಎರಡು ಸಲ ನೋಡಿದರು, ಅಜ್ಜಿಯೂ ಮಾತಾಡಲಿಲ್ಲ.

ಕೊನೆಗೆ ತೀರ್ಮಾನ ಆಗಿದ್ದು ಹೀಗೆ: ಏಳೂ ಅಂಕಣದ ಹಳೇ ಮಣ್ಣು ಇಳಿಸೋದು, ಎರಡು ಅಂಕಣಕ್ಕೆ ಹೊಸ ಜಂತಿ ಕೂಡಿಸೋದು, ಆಮೇಲೆ ಬೇಕಾದಷ್ಟೇ ಮಣ್ಣು. ಮಾವ ಒಂದು ಶರತ್ತು ಹಾಕಿದರು, ಈ ಮಳೆಗಾಲದಲ್ಲಿ ಸೋರಿದರೆ ಮುಂದಿನ ವರ್ಷ ಸ್ಲ್ಯಾಬ್. ಅಜ್ಜಿ ಒಪ್ಪಿದಳು.

ಕೆಲಸಕ್ಕೆ ಆರು ದಿನ ಹಿಡಿಯಿತು. ಹಲಗೆಯ ಮೇಲೆ ಬೇವಿನ ತಪ್ಪಲು, ಅದರ ಮೇಲೆ ತುಳಿದು ಹದ ಮಾಡಿದ ಮಣ್ಣು, ಎಲ್ಲಕ್ಕಿಂತ ಮೇಲೆ ಸವಳು ಮಣ್ಣು. ಸವಳು ಅಂದರೆ ಬೆಳೆ ಬಾರದ ಮಣ್ಣು. ಅದರಲ್ಲಿ ಸೋಡಿಯಂ ಹೆಚ್ಚು. ನೀರು ಬಿದ್ದ ಕೂಡಲೇ ಅದರ ಕಣಗಳು ಬಿಡಿಬಿಡಿಯಾಗಿ ಸಣ್ಣ ಸಣ್ಣ ರಂಧ್ರಗಳಲ್ಲಿ ಕೂತುಬಿಡುತ್ತವೆ, ನೀರು ಕೆಳಗೆ ಇಳಿಯೋದಿಲ್ಲ. ರೈತ ಶಪಿಸುವ ಗುಣವೇ ಮಾಳಿಗೆಯ ಮೇಲೆ ವಾಟರ್‌ಪ್ರೂಫಿಂಗ್. ಈ ಕೆಲಸ ಈಗಲೇ ಯಾಕೆ ಅಂತ ಕೇಳಿದೆ. "ಹೋಳಿ ಆದ ಮ್ಯಾಲೆ ಮಾಳಿಗಿ ಮ್ಯಾಲೆ ಕಾಲ ಇಡಾಕ ಆಗಂಗಿಲ್ಲ. ಆಮ್ಯಾಲೆ ಅಡ್ಡಮಳಿ ಯಾವಾಗ ಹೊಡಿತದೋ ಯಾರಿಗೆ ಗೊತ್ತು. ಮಣ್ಣಿಗೂ ಕೂಡಾಕ ಟೈಮ್ ಬೇಕಲ್ಲ" ಅಂದರು ಅಜ್ಜ.

ಮೇಲ್ಮುದ್ದಿ ಒಣಗಿದ ದಿನ ಅಜ್ಜ ಒಂದು ಕೊಡ ನೀರು ತರಿಸಿ ಮಾಳಿಗೆಯ ಎತ್ತರದ ಮೂಲೆಯಲ್ಲಿ ಸುರುವಿದರು. ನೀರು ಎಲ್ಲೂ ನಿಲ್ಲದೆ, ಕುಂಬಿಯ ಗೋಡೆ ಗುಂಟ ಹರಿದು, ಹರನಾಳಿಗೆಯಿಂದ ಓಣಿಗೆ ಬಿತ್ತು. ನಮ್ಮಲ್ಲಿ ಇದನ್ನು ಟೆಸ್ಟಿಂಗ್ ಅಂತೀವಿ. ಅಜ್ಜ ಏನೂ ಅನ್ನದೆ ಬೀಡಿ ಹಚ್ಚಿದರು. ನಾನು ಕೆಲಸ ಹೇಗೆ ಮಾಡ್ತಾರೆ ಅಂತ ಪೂರ್ತಿ ವಿಡಿಯೊ ಮಾಡಿಕೊಂಡಿದ್ದೇನೆ. ಅವರ ಮಕ್ಕಳಲ್ಲಿ ಒಬ್ಬರೂ ಈ ಕೆಲಸ ಕಲಿತಿಲ್ಲ.

ಮುಂಡರಗಿ: ನಲ್ಲಿಯ ಇನ್ನೊಂದು ತುದಿ

ಗದಗದಿಂದ ಮುಂಡರಗಿಗೆ ಹೋಗುವ ದಾರಿಯಲ್ಲಿ ಡಂಬಳ ಸಿಗುತ್ತದೆ. ಬಸ್ ಇಳಿದು ಒಂದು ತಾಸು ಕೊಡಿ. ಕಲ್ಯಾಣ ಚಾಲುಕ್ಯರ ಕಾಲದ ದೊಡ್ಡಬಸಪ್ಪ ದೇವಸ್ಥಾನದ ಗರ್ಭಗುಡಿಯ ಹೊರಗೋಡೆ 24 ಮೂಲೆಯ ನಕ್ಷತ್ರದ ಹಾಗಿದೆ. ಸುತ್ತು ಹಾಕುತ್ತಾ ಹೋದರೆ ಪ್ರತಿ ಹೆಜ್ಜೆಗೂ ಒಂದು ಹೊಸ ನೆರಳು. ಇದೇ ಊರಿನಲ್ಲಿ 1095ರ ಶಾಸನವೊಂದು ಬೌದ್ಧರ ತಾರಾದೇವಿಯನ್ನು ಸ್ತುತಿಸುತ್ತದೆ. ಅಲ್ಲಿಂದ ಮುಂದೆ ಬಲಕ್ಕೆ ಕಪ್ಪತಗುಡ್ಡದ ಸಾಲು, ತುದಿಯಲ್ಲಿ ಗಾಳಿಯಂತ್ರಗಳು. 2019ರಲ್ಲಿ ಇದು ವನ್ಯಜೀವಿಧಾಮ ಆಯಿತು. ಹುಲ್ಲು ಒಣಗಿ ಬಂಗಾರದ ಬಣ್ಣಕ್ಕೆ ತಿರುಗಿರುವ ಈ ಕಾಲ ನೋಡೋದಕ್ಕೆ ಚೆಂದ, ಒಂದು ಕಿಡಿ ಬಿದ್ದರೆ ಅಷ್ಟೇ ಅಪಾಯ. ಗುಡ್ಡಕ್ಕೆ ಹೋಗುವವರು ಬೆಂಕಿಪೊಟ್ಟಣ ಕೆಳಗೇ ಬಿಟ್ಟು ಹೋಗಲಿ.

ಮುಂಡರಗಿಯ ದೋಸ್ತನ ಮನೆಯಲ್ಲಿ ಜೋಳದ ರಾಶಿ ಮುಗಿದು ಚೀಲ ತುಂಬಿ ಇಟ್ಟಿದ್ದರು. ಅವರವ್ವ ಸುಲಗಾಯಿ ಸುಟ್ಟು ಕೊಟ್ಟರು. ಕೈಯೆಲ್ಲ ಕರ್ರಗೆ, ಬಾಯೆಲ್ಲ ಹಸಿ ಕಡಲೆಯ ಸಿಹಿ. ಮಧ್ಯಾಹ್ನ ಅವನ ಬೈಕಿನಲ್ಲಿ ಹಮ್ಮಿಗಿಗೆ ಹೋದೆವು. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಕೊಪ್ಪಳ ಕೋಟೆಯಲ್ಲಿ ಪ್ರಾಣ ಕೊಟ್ಟ ಮುಂಡರಗಿ ಭೀಮರಾಯನ ಜೊತೆಗಾರ ಕೆಂಚನಗೌಡ ಇದೇ ಹಮ್ಮಿಗಿಯವನು. ಈಗ ಅಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜ್ ಇದೆ. ಗದಗ-ಬೆಟಗೇರಿಗೆ ಕುಡಿಯುವ ನೀರು ಹೋಗುವುದೂ ಇಲ್ಲಿಂದಲೇ.

ಬ್ಯಾರೇಜಿನ ಒಂದು ಬದಿ ನೀರು, ಇನ್ನೊಂದು ಬದಿ ಬಂಡೆಗಳ ನಡುವೆ ಸಣ್ಣ ಸಣ್ಣ ಹರಿವು. ಹಿಂದಿನ ವಾರ ಮಂಡಿಯೂರಿ ತೊಳೆದ ನಮ್ಮ ಟಾಕಿಯ ಕೆಸರು ಯಾವ ನದಿಯದು ಅಂತ ಆಗ ಕಣ್ಣಿಗೆ ಕಂಡಿತು. ದೋಸ್ತ ಗೇಟಿನ ಕಡೆ ಕೈ ಮಾಡಿ, "ಮುಂಗಾರಿ ಬರೋತನಕ ಇಷ್ಟ ನೋಡ. ನಿಮ್ಮೂರಿಗೂ ಇದ, ನಮ್ಮ ಹೊಲಕ್ಕೂ ಇದ. ಈ ಹಿನ್ನೀರಿಗೆ ಮನಿ ಬಿಟ್ಟವರೂ ಅದಾರ, ಅದನ್ನ ಯಾರೂ ನೆನಸಂಗಿಲ್ಲ" ಅಂದ. ನಾನು ಮಾತಾಡಲಿಲ್ಲ. ಬೆಟಗೇರಿಯಲ್ಲಿ ನಲ್ಲಿ ತಿರುವಿದಾಗ ಈ ಮಾತು ನೆನಪಾಗದೆ ಇರೋದಿಲ್ಲ.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಜೋಳದ ಚೀಲಕ್ಕೆ ಕಂಡಕ್ಟರ್ ಲಗೇಜ್ ಟಿಕೆಟ್ ಹರಿದರು. "ಎಷ್ಟ ದಿನದ್ರೀ ಇದು?" ಅಂತ ಕೇಳಿದರು. ಮಳೆಗಾಲ ದಾಟಿಸಬೇಕ್ರೀ ಅಂದೆ. "ಬೇವಿನ ತಪ್ಪಲ ಹಾಕಿ ಇಡ್ರಿ, ಹುಳಾ ಹತ್ತಂಗಿಲ್ಲ" ಅಂತ ಹೇಳಿ ಮುಂದಿನ ಸೀಟಿಗೆ ಹೋದರು.