ತೇರದಾಳದ ಹಾದಿ, ಬಾತ ಕಾಲು

ಜಮಖಂಡಿಯಿಂದ ಹೊರಟ ಬಸ್ಸು ಬನಹಟ್ಟಿ, ರಬಕವಿ ದಾಟಿ ತೇರದಾಳ ತಲುಪಿದಾಗ ಮಗಳು ಮೊದಲು ನೋಡಿದ್ದು ಊರನ್ನಲ್ಲ, ತನ್ನ ಎಡಗಾಲನ್ನು. "ಅಪ್ಪಾ, ಮತ್ತ ಬಾತೈತಿ ನೋಡು" ಎಂದಳು. ಖೊಖೊ ಆಡುವಾಗ ಕಾಲಿನ ಹರಡು ಮುರಿದು ಮೂರು ತಿಂಗಳಾಗಿತ್ತು. ಎಲುಬು ಕೂಡಿದೆಯೆಂದು ಎಕ್ಸ್‌-ರೇ ನೋಡಿ ವೈದ್ಯರು ಹೇಳಿದ್ದರು. ಆದರೂ ಸಂಜೆಯಾದರೆ ಬಾವು. ಎಲುಬು ಕೂಡಿಲ್ಲವೇನೋ ಎಂಬ ಅಳುಕು ಅವಳಿಗೆ, ಹೇಳದಿದ್ದರೂ ನನಗೂ.

ಆಟೊ ಹಿಡಿದು ನೇಮಿನಾಥ ಬಸದಿಗೆ ಹೋದೆವು. ಆಗ ತೇರಿದಾಳವೆನಿಸಿದ್ದ ಈ ಊರಿನಲ್ಲಿ ಮಾಂಡಲಿಕ ಗೊಂಕನು ಕ್ರಿ.ಶ. 1123ರ ಸುಮಾರಿಗೆ ಕಟ್ಟಿಸಿದ ಬಸದಿಯಿದು. ಶಾಸನದಲ್ಲಿ ರಟ್ಟರ ಕಾರ್ತವೀರ್ಯ, ಕೊಲ್ಹಾಪುರದ ಮಾಘನಂದಿ ಸೈದ್ಧಾಂತಿಕರ ಹೆಸರುಗಳಿವೆ. ಮಗಳು ಹತ್ತು ಹೆಜ್ಜೆ ನಡೆದು, ಕುಳಿತು, ಮತ್ತೆ ಎದ್ದು ಎಲ್ಲವನ್ನೂ ನೋಡಿದಳು.

ಮರಳುವಾಗ ಬನಹಟ್ಟಿಯಲ್ಲಿ ಪರಿಚಯದ ನೇಕಾರರ ಮನೆಗೆ ಹೋದೆವು. ಓಣಿಯ ತುಂಬ ವಿದ್ಯುತ್ ಮಗ್ಗಗಳ ಸದ್ದು. ಈ ಅಜ್ಜ ಮಾತ್ರ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು, ಒಮ್ಮೆ ಎಡ, ಒಮ್ಮೆ ಬಲ ತುಳಿಯುತ್ತಿದ್ದ. "ಸುಮ್ಮನ ಕುಂತ್ರ ನಮಗೂ ಬಾವು ಬರತೈತಿ ತಂಗಿ, ತುಳಕೋತ ಇರಬೇಕು" ಎಂದ.

ಅಜ್ಜನ ಮಾತಿನಲ್ಲಿ ವೈದ್ಯಶಾಸ್ತ್ರವೇ ಇದೆ. ಪಾದಕ್ಕಿಳಿದ ರಕ್ತ ಮೇಲೇರಲು ಮೀನಖಂಡದ ಸ್ನಾಯು ಹಿಂಡಬೇಕು. ಪ್ಲಾಸ್ಟರಿನೊಳಗೆ ವಾರಗಟ್ಟಲೆ ಇದ್ದ ಸ್ನಾಯು ಸೊರಗಿರುತ್ತದೆ. ಪೆಟ್ಟುಬಿದ್ದಲ್ಲಿ ನೀರು ಹೀರುವ ನಾಳಗಳೂ ಇನ್ನೂ ಚೇತರಿಸಿಕೊಂಡಿರುವುದಿಲ್ಲ. ಹಾಗಾಗಿ ನೀರು ಕೆಳಗೇ ನಿಲ್ಲುತ್ತದೆ. ಬೆಳಿಗ್ಗೆ ಇಳಿದು ಸಂಜೆ ಏರುವ ಇಂಥ ಬಾವು ಮೂರರಿಂದ ಆರು ತಿಂಗಳು, ಕೆಲವರಿಗೆ ವರ್ಷವೂ ಇರಬಹುದು. ಅದೊಂದರಿಂದಲೇ ಎಲುಬು ಕೂಡಿಲ್ಲವೆನ್ನಲಾಗದು.

ಮಲಗಿದಾಗ ದಿಂಬಿಟ್ಟು ಪಾದವನ್ನು ಎದೆಮಟ್ಟಕ್ಕಿಂತ ಮೇಲಿಡಬೇಕು. ವೈದ್ಯರು ಹೇಳಿದಂತೆ ಪಾದವನ್ನು ಮೇಲೆ-ಕೆಳಗೆ ಆಡಿಸಬೇಕು, ನಡಿಗೆಯನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸಬೇಕು. ಶಾಲೆಯಲ್ಲಿ ಕಾಲಿಡಲು ಒಂದು ಸ್ಟೂಲು ಕೇಳಿದರೆ ನಾಚಿಕೆಯೇನಿಲ್ಲ. ಪಾಲಕರು ಮಗುವನ್ನು ಆಟಕ್ಕೆ ಅವಸರಪಡಿಸಲೂ ಬಾರದು, ಹಾಸಿಗೆಗೆ ಕಟ್ಟಿಹಾಕಲೂ ಬಾರದು. ಆದರೆ ಬಾವು ಒಮ್ಮೆಲೇ ಹೆಚ್ಚಿದರೆ, ಮೀನಖಂಡ ನೋಯುತ್ತ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ ಅಥವಾ ಕಾಲೂರಲು ನೋವು ಹೆಚ್ಚಿದರೆ ಅಂದೇ ವೈದ್ಯರಿಗೆ ತೋರಿಸಬೇಕು. ಉಸಿರು ಕಟ್ಟಿದರೆ, ಎದೆ ನೋಯ್ದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು, ರಕ್ತ ಹೆಪ್ಪುಗಟ್ಟಿರಬಹುದು.

ಹೊರಡುವಾಗ ಅಜ್ಜ ಒಂದೆಳೆ ನೂಲು ಕೊಟ್ಟ. ಈಗ ಮಗಳು ವಾರಕ್ಕೊಮ್ಮೆ, ಬೆಳಿಗ್ಗೆ ಎದ್ದೊಡನೆ, ಅದನ್ನು ಹರಡಿಗೆ ಸುತ್ತಿ ಅಳೆಯುತ್ತಾಳೆ. ಕಳೆದ ವಾರಕ್ಕಿಂತ ಗಂಟು ಒಂದು ಬೆರಳು ಹಿಂದೆ ಬಂದಿದೆ.